ಹೊಟ್ಟೆಯ ಕೊಬ್ಬೂ ಹೃದಯದ ಶಸ್ತ್ರಕ್ರಿಯೆಯೂ

ಕೆಲವು ಕಾಲದ ಹಿಂದೆ, ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಹೃದಯದ ಶಸ್ತ್ರಕ್ರಿಯೆ ಮಾಡಿಸಿಕೊಂಡು ಮಲಗಿದ್ದ ಇಬ್ಬರು ಪರಿಚಿತರನ್ನು ನೋಡಿಬರಲು ನಾವು ಹೋಗಿದ್ದೆವು. ಒಬ್ಬರು ಹೋಟೇಲಿನ ಗಲ್ಲೆಯ ಮುಂದೆ ಮೂವತ್ತು ವರ್ಷ ಕುಳಿತವರು. ಮೈಯೆಲ್ಲ ಸಮನಾಗಿ ತುಂಬಿಕೊಂಡ ಸ್ಥೂಲಕಾಯರು. ಇನ್ನೊಬ್ಬರು ಕಚೇರಿಯೊಂದರ ಗುಮಾಸ್ತರು; ಕೈಕಾಲು ಕಡ್ಡಿಯಂತೆ, ಕೆನ್ನೆ ಬತ್ತಿದಂತೆ, ಅಂಗಿಯ ಕೆಳಗೆ ಮಾತ್ರ ಗಡಿಗೆಯನ್ನು ಬೋರಲಿಟ್ಟಂತೆ ಸಣ್ಣದೊಂದು ಹೊಟ್ಟೆ. ಇಬ್ಬರಿಗೂ ಒಂದೇ ವಾರದಲ್ಲಿ ಬೈಪಾಸ್ ಶಸ್ತ್ರಕ್ರಿಯೆ ನಡೆದಿದ್ದಿತು. ಸ್ಥೂಲಕಾಯರು ಏಳನೆಯ ದಿನಕ್ಕೆ ನಡೆದುಕೊಂಡೇ ಮನೆಗೆ ಹೋದರು. ಗುಮಾಸ್ತರಿಗೆ ಮೂರನೆಯ ದಿನ ಎದೆ ಡವಗುಟ್ಟಿ ನಾಡಿಯ ತಾಳ ತಪ್ಪಿತು. ರಕ್ತದ ಸಕ್ಕರೆ ಏರಿತು. ಗಾಯ ಒಣಗಲು ತಡವಾಯಿತು. ಅವರು ಮನೆ ಸೇರಿದುದು ಹದಿನೈದು ದಿನಗಳ ಮೇಲೆ.

"ಜನ್ಮದಲ್ಲಿ ಅರುವತ್ತು ಕಿಲೋ ದಾಟಿದವನಲ್ಲ ನಾನು. ಅವರು ತೊಂಬತ್ತು ಕಿಲೋ. ಅವರು ಎದ್ದು ಹೋದರು, ನಾನು ಮಲಗಿದೆ. ಇದೆಲ್ಲಿಯ ನ್ಯಾಯ?" ಎಂದು ಅವರು ನಮ್ಮನ್ನು ಕೇಳಿದರು. ಇಬ್ಬರು ರೋಗಿಗಳನ್ನು ನೋಡಿ ಶಾಸ್ತ್ರ ಕಟ್ಟಲಾಗದು ನಿಜ. ವಯಸ್ಸು, ಹೃದಯದ ಸ್ನಾಯುವಿನ ಬಲ, ಮೂತ್ರಪಿಂಡದ ಸ್ಥಿತಿ, ಧೂಮಪಾನ ಇವೆಲ್ಲವೂ ಚೇತರಿಕೆಯಲ್ಲಿ ಪಾಲುಗೊಳ್ಳುತ್ತವೆ. ಆದರೂ ಗುಮಾಸ್ತರ ಪ್ರಶ್ನೆ ನಮ್ಮವರಲ್ಲಿ ಅನೇಕರ ಪ್ರಶ್ನೆಯಾಗಿದೆ. ಅದಕ್ಕೆ ವಿಜ್ಞಾನವು ಕೊಡುವ ಉತ್ತರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಆ ಉತ್ತರದ ಸಾರ ಇಷ್ಟೇ: ತಕ್ಕಡಿಯು ಕೊಬ್ಬಿನ ತೂಕವನ್ನು ಹೇಳಬಲ್ಲುದು, ಕೊಬ್ಬಿನ ಗುಣವನ್ನು ಹೇಳಲಾರದು.

ಐದು ದೋಷಗಳ ಕೂಟ

ಫ್ರಾನ್ಸ್ ದೇಶದ ಮಾರ್ಸೇಲ್ ನಗರದ ವೈದ್ಯರಾದ ಝಾಂ ವಾಗ್ ಎಂಬವರು 1947ರಲ್ಲಿಯೇ ಒಂದು ಸೂಕ್ಷ್ಮವನ್ನು ಗಮನಿಸಿದ್ದರು. ಸೊಂಟ ತೊಡೆಗಳಲ್ಲಿ ಕೊಬ್ಬು ತುಂಬಿದವರಿಗಿಂತ ಹೊಟ್ಟೆಯ ಸುತ್ತ ಕೊಬ್ಬು ತುಂಬಿದವರಿಗೆ ಮಧುಮೇಹವೂ ರಕ್ತನಾಳಗಳ ರೋಗವೂ ಹೆಚ್ಚು ತಗಲುತ್ತವೆ ಎಂಬುದೇ ಆ ಸೂಕ್ಷ್ಮ. ಅನೇಕ ವರ್ಷ ಆ ಮಾತಿಗೆ ಯಾರೂ ಹೆಚ್ಚು ಕಿವಿಗೊಡಲಿಲ್ಲ. 1988ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರಾಲ್ಡ್ ರೀವನ್ ಎಂಬ ಪಂಡಿತರು, ಸಕ್ಕರೆಯ ಏರಿಕೆ, ರಕ್ತದೊತ್ತಡ, ರಕ್ತದಲ್ಲಿಯ ಕೊಬ್ಬಿನ ಏರುಪೇರು ಇವು ಬೇರೆ ಬೇರೆ ರೋಗಗಳಂತೆ ಕಂಡರೂ ಒಂದೇ ಬೇರಿನ ಕೊಂಬೆಗಳೆಂದು ಸಾರಿದರು. ಇನ್ಸುಲಿನ್ ಎಂಬ ಅಂತಃಸ್ರಾವದ ಅಪ್ಪಣೆಗೆ ದೇಹದ ಜೀವಕೋಶಗಳು ಕಿವುಡಾಗುವುದೇ ಆ ಬೇರು. ಅದಕ್ಕೆ ಅವರು "ಸಿಂಡ್ರೋಮ್ ಎಕ್ಸ್" ಎಂದು ಹೆಸರಿಟ್ಟರು. ಇಂದು ವೈದ್ಯರು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ನಾವು ಅದನ್ನು ಚಯಾಪಚಯದ ದೋಷಕೂಟ ಎನ್ನಬಹುದು.

ಈ ಕೂಟದಲ್ಲಿ ಐದು ಮಂದಿ ಸದಸ್ಯರು. ಸೊಂಟದ ಸುತ್ತಳತೆ ನಮ್ಮ ದೇಶದ ಗಂಡಸರಲ್ಲಿ 90 ಸೆಂಟಿಮೀಟರು, ಹೆಂಗಸರಲ್ಲಿ 80 ಸೆಂಟಿಮೀಟರು ಅಥವಾ ಅದಕ್ಕೆ ಮೇಲ್ಪಟ್ಟಿರುವುದು ಒಂದು. ಬರಿಹೊಟ್ಟೆಯ ರಕ್ತಸಕ್ಕರೆ 100 ಅಥವಾ ಮೇಲ್ಪಟ್ಟಿರುವುದು ಎರಡು. ರಕ್ತದೊತ್ತಡ 130/85ನ್ನು ಮುಟ್ಟುವುದು ಅಥವಾ ಮೀರುವುದು ಮೂರು. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು 150 ಅಥವಾ ಅದಕ್ಕೆ ಮೇಲ್ಪಟ್ಟಿರುವುದು ನಾಲ್ಕು. ಎಚ್.ಡಿ.ಎಲ್. ಎಂಬ ಒಳ್ಳೆಯ ಕೊಲೆಸ್ಟರಾಲ್ ಗಂಡಸರಲ್ಲಿ 40ಕ್ಕಿಂತಲೂ ಹೆಂಗಸರಲ್ಲಿ 50ಕ್ಕಿಂತಲೂ ಕೆಳಗಿಳಿಯುವುದು ಐದು. ಐದರಲ್ಲಿ ಮೂರು ಕೂಡಿದರೆ ದೋಷಕೂಟ ನೆರೆಯಿತೆಂದೇ ಲೆಕ್ಕ. ಒಂದೊಂದೂ ಗಡಿಯನ್ನು ಸ್ವಲ್ಪವೇ ದಾಟಿದ್ದರೂ, ಎಲ್ಲ ಕೂಡಿದಾಗ ಹೃದಯಕ್ಕೆ ಬೀಳುವ ಹೊರೆ ಬಹಳ.

ಕೊಬ್ಬು ಆಡುವ ಮಾತು

ನಮ್ಮ ಆಯುರ್ವೇದವು ಮೇದಸ್ಸನ್ನು ದೇಹದ ಏಳು ಧಾತುಗಳಲ್ಲಿ ಒಂದಾಗಿ ಎಣಿಸಿದೆ. ಚರಕಸಂಹಿತೆಯು ನಿಂದ್ಯವಾದ ಎಂಟು ಬಗೆಯ ದೇಹಗಳನ್ನು ಹೆಸರಿಸುವಾಗ ಅತಿಸ್ಥೂಲ, ಅತಿಕೃಶ ಎರಡನ್ನೂ ಅದೇ ಪಟ್ಟಿಯಲ್ಲಿಟ್ಟಿದೆ. ಪಾಶ್ಚಾತ್ಯ ವೈದ್ಯಶಾಸ್ತ್ರವಾದರೋ, ಬಹುಕಾಲ ಕೊಬ್ಬನ್ನು ಬರಿಯ ಉಗ್ರಾಣವೆಂದೇ ತಿಳಿದಿದ್ದಿತು. ಹೆಚ್ಚು ಉಂಡುದನ್ನು ಕೂಡಿಡುವುದು, ಹಸಿದಾಗ ತೆಗೆದುಕೊಡುವುದು, ಅಷ್ಟೇ ಅದರ ಕೆಲಸವೆಂದು ಎಣಿಸಿದ್ದರು.

ಈ ನಂಬುಗೆಯನ್ನು ಮುರಿದುದು ಒಂದು ಇಲಿ. 1949ರಲ್ಲಿ ಅಮೆರಿಕದ ಬಾರ್ ಹಾರ್ಬರ್ ಎಂಬಲ್ಲಿಯ ಜಾಕ್ಸನ್ ಪ್ರಯೋಗಶಾಲೆಯಲ್ಲಿ ಎಷ್ಟು ತಿಂದರೂ ಹಸಿವು ಹಿಂಗದೆ ಉರುಟಾಗಿ ಊದಿದ ಇಲಿಯೊಂದು ಕಂಡುಬಂದಿತು. ಅಲ್ಲಿಯೇ ಡಗ್ಲಾಸ್ ಕೋಲ್ಮನ್ ಎಂಬ ವಿಜ್ಞಾನಿಯು ಮುಂದೆ ಅಂತಹ ಇಲಿಯೊಂದರ ರಕ್ತಪ್ರವಾಹವನ್ನು ಸಾಧಾರಣ ಇಲಿಯದರೊಡನೆ ಜೋಡಿಸಿ ನೋಡಿದನು. ಸಾಧಾರಣ ಇಲಿಯ ರಕ್ತ ಸೇರಿದೊಡನೆ ದಪ್ಪ ಇಲಿಯ ಹಸಿವು ಇಳಿಯಿತು! ರಕ್ತದಲ್ಲಿ ಯಾವುದೋ ಒಂದು ದ್ರವ್ಯವು "ಸಾಕು" ಎಂಬ ಸಂದೇಶವನ್ನು ಹೊತ್ತೊಯ್ಯುತ್ತಿರಬೇಕೆಂದು ಅವನು ತರ್ಕಿಸಿದನು. 1994ರಲ್ಲಿ ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಆ ದ್ರವ್ಯದ ಬೀಜವನ್ನು ಹಿಡಿದರು. ಅದು ಹುಟ್ಟುವುದು ಮಿದುಳಿನಲ್ಲಲ್ಲ, ಹೊಟ್ಟೆಯಲ್ಲಲ್ಲ, ಕೊಬ್ಬಿನಲ್ಲಿಯೇ ಎಂದು ತಿಳಿದುಬಂದಿತು. ತೆಳುವೆಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಲೆಪ್ಟಿನ್ ಎಂದು ಹೆಸರಾಯಿತು.

ಅಂದಿನಿಂದ ಕೊಬ್ಬಿನ ಮಾತುಗಳು ಒಂದೊಂದಾಗಿ ಕಿವಿಗೆ ಬೀಳತೊಡಗಿದವು. 1990ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿಯೂ ಜಪಾನಿನ ಒಸಾಕಾದಲ್ಲಿಯೂ ಅಡಿಪೊನೆಕ್ಟಿನ್ ಎಂಬ ಇನ್ನೊಂದು ದ್ರವ್ಯ ಪತ್ತೆಯಾಯಿತು. ಇದು ರಕ್ತನಾಳಗಳ ಒಳಮೈಯನ್ನು ಕಾಯುವುದು, ಇನ್ಸುಲಿನ್ನಿನ ಕೆಲಸಕ್ಕೆ ನೆರವಾಗುವುದು. ಕೊಬ್ಬು ಹೆಚ್ಚಿದಷ್ಟೂ ಲೆಪ್ಟಿನ್ ಹೆಚ್ಚುತ್ತದೆ. ಅಡಿಪೊನೆಕ್ಟಿನ್ ಮಾತ್ರ ವಿಚಿತ್ರ, ಹೊಟ್ಟೆಯ ಕೊಬ್ಬು ಹೆಚ್ಚಿದಷ್ಟೂ ಇಳಿಯುತ್ತದೆ. ಇದಕ್ಕೆ ಮೊದಲೇ, 1993ರಲ್ಲಿ, ದಪ್ಪ ಇಲಿಗಳ ಕೊಬ್ಬು ಉರಿಯೂತವನ್ನೆಬ್ಬಿಸುವ ಟಿ.ಎನ್.ಎಫ್. ಎಂಬ ದ್ರವ್ಯವನ್ನೂ ಸುರಿಸುವುದೆಂದು ಬಾಸ್ಟನ್ನಿನ ಸಂಶೋಧಕರು ತೋರಿಸಿದ್ದರು. ಇಂಟರ್‌ಲೂಕಿನ್-6 ಎಂಬ ಮತ್ತೊಂದು ಉರಿಯೂತದ ದ್ರವ್ಯವಂತೂ, ವಿಶ್ರಾಂತಿಯಲ್ಲಿರುವ ಮನುಷ್ಯನ ರಕ್ತದಲ್ಲಿರುವುದರ ಸುಮಾರು ಮೂರನೆಯ ಒಂದು ಪಾಲು ಕೊಬ್ಬಿನಿಂದಲೇ ಬರುವುದೆಂದು ಅಂದಾಜು. ರಕ್ತವು ಹೆಪ್ಪುಗಟ್ಟಿದುದನ್ನು ಕರಗಗೊಡದ ಪಿ.ಎ.ಐ.-1 ಎಂಬುದೂ ಇದೇ ಕಾರ್ಖಾನೆಯ ಸರಕು. ಇಂತಹ ದ್ರವ್ಯಗಳನ್ನು ರಕ್ತದಲ್ಲಿ ಅಳೆದರೆ ಕೊಬ್ಬಿನ ಆರೋಗ್ಯ ತಿಳಿಯುವುದಾದಕಾರಣ ಇವನ್ನು ಸೂಚಕದ್ರವ್ಯಗಳು ಅಥವಾ ಬಯೋಮಾರ್ಕರುಗಳು ಎನ್ನುತ್ತಾರೆ.

ಚರ್ಮದ ಕೆಳಗಿನ ಕೊಬ್ಬಿಗೂ ಕರುಳಿನ ಸುತ್ತಣ ಕೊಬ್ಬಿಗೂ ಇಲ್ಲಿ ಬಹಳ ಭೇದವುಂಟು. ಚರ್ಮದ ಕೆಳಗಿನದು ಬಹುಮಟ್ಟಿಗೆ ಸಾಧು ಸ್ವಭಾವದ್ದು. ಅದು ತುಂಬಿ, ಇನ್ನು ಸ್ಥಳವಿಲ್ಲವೆಂದಾದಾಗ, ಉಳಿದ ಕೊಬ್ಬು ಕರುಳು, ಯಕೃತ್ತು, ಹೃದಯಗಳ ಸುತ್ತ ನುಗ್ಗುತ್ತದೆ. ಅಲ್ಲಿ ಅದರ ಜೀವಕೋಶಗಳು ಉಬ್ಬಿ, ಉಸಿರುಗಟ್ಟಿ, ರಕ್ತದ ಬಿಳಿಯ ಕಣಗಳನ್ನು ಸೆಳೆದು, ಉರಿಯೂತದ ದ್ರವ್ಯಗಳನ್ನು ದಿನಂಪ್ರತಿ ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತವೆ. ಜ್ವರವಿಲ್ಲ, ನೋವಿಲ್ಲ, ಬೂದಿ ಮುಚ್ಚಿದ ಕೆಂಡ.

ಪುಣೆಯ ಕಾಣಿಕೆ

ಸಣ್ಣ ಉಗ್ರಾಣ ಬೇಗ ತುಂಬುವುದಷ್ಟೆ. ನಮ್ಮ ದೇಶದವರ ಕಷ್ಟವೂ ಅದೇ. ಈ ಸತ್ಯವನ್ನು ಜಗತ್ತಿಗೆ ತಿಳಿಸಿದವರಲ್ಲಿ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು ಮುಖ್ಯರು. 2004ರಲ್ಲಿ ಇಂಗ್ಲೆಂಡಿನ "ಲ್ಯಾನ್ಸೆಟ್" ಪತ್ರಿಕೆಯಲ್ಲಿ ಅವರೂ ಲಂಡನ್ನಿನ ಡಾ. ಜಾನ್ ಯುಡ್ಕಿನ್ನರೂ ತಮ್ಮಿಬ್ಬರ ಒಂದು ಭಾವಚಿತ್ರವನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಬಿ.ಎಂ.ಐ. ಎನ್ನುವುದು, ಇಬ್ಬರದೂ 22.3, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ಯಂತ್ರದಿಂದ ಅಳೆದಾಗ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಸೇಕಡಾ 9.1, ಯಾಜ್ಞಿಕರ ದೇಹದಲ್ಲಿ ಸೇಕಡಾ 21.2! ಒಂದೇ ಅಳತೆಯ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರಿಗಿಂತ ಎರಡು ಪಟ್ಟು ಮಿಕ್ಕಿ ಕೊಬ್ಬನ್ನು ಹೊತ್ತಿದ್ದರು. ಇಬ್ಬರ ಹೆಸರಿನ ಇಂಗ್ಲಿಷ್ ಮೊದಲಕ್ಷರವೂ "ವೈ" ಆದುದರಿಂದ ಇದಕ್ಕೆ "ವೈ-ವೈ ವಿರೋಧಾಭಾಸ" ಎಂಬ ಹೆಸರು ನಿಂತಿತು.

ಯಾಜ್ಞಿಕರ ಬಳಗವು ಪುಣೆಯ ಸುತ್ತಣ ಹಳ್ಳಿಗಳ ನವಜಾತ ಶಿಶುಗಳನ್ನೂ ಅಳೆದು ನೋಡಿತು. ಆ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಶಿಶುಗಳದು 3.5 ಕಿಲೋ. ನಮ್ಮ ಶಿಶುಗಳಲ್ಲಿ ಮಾಂಸಖಂಡವೂ ಅಂಗಾಂಗಗಳೂ ಕ್ಷೀಣವಾಗಿದ್ದರೂ ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಬಹುಮಟ್ಟಿಗೆ ಉಳಿದುಕೊಂಡಿದ್ದಿತು. ಹೊಕ್ಕುಳಬಳ್ಳಿಯ ರಕ್ತದಲ್ಲಿ ಇನ್ಸುಲಿನ್ ಆಗಲೇ ಹೆಚ್ಚಾಗಿದ್ದಿತು. ಅಂದರೆ ಸಣಕಲಾಗಿ ಕಾಣುವ ಕೂಸು ಹುಟ್ಟುವಾಗಲೇ ಕೊಬ್ಬಿನ ಪಾಲನ್ನು ಹೆಚ್ಚಾಗಿ ಪಡೆದು ಬಂದಿರುತ್ತದೆ. ತಾಯಿಯ ಅರೆಹೊಟ್ಟೆಯ ಕಾಲದಲ್ಲಿ ಬಂದ ಈ ಮೈ, ಮುಂದೆ ನಗರಕ್ಕೆ ಬಂದು ಎಣ್ಣೆ ಸಕ್ಕರೆಗಳನ್ನು ಕಂಡಾಗ, ಅವನ್ನು ಕೂಡಿಡುವುದು ಹೊಟ್ಟೆಯಲ್ಲಿಯೇ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಏಷ್ಯದವರಿಗೆ ಬಿ.ಎಂ.ಐ. 23ರಿಂದಲೇ ಎಚ್ಚರ ವಹಿಸಬೇಕೆಂದು ಸೂಚಿಸಿದುದು ಇಂತಹ ಕಾರಣಗಳಿಂದಲೇ.

ನಮ್ಮ ಗುಮಾಸ್ತರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ದೊರೆಯಿತು. ಅರುವತ್ತು ಕಿಲೋ ತೂಗುವ ಮೈಯಲ್ಲಿ ಮಾಂಸಖಂಡ ಕಡಿಮೆಯಿದ್ದು, ಇರುವ ಕೊಬ್ಬೆಲ್ಲ ಒಳಹೊಟ್ಟೆಯಲ್ಲಿದ್ದರೆ, ಆ ಮೈ ತೆಳ್ಳಗಿನದೆನ್ನುವುದು ಕಣ್ಣಿನ ಮೋಸ. ಉಳಿದರ್ಧ ಉತ್ತರವು ಶಸ್ತ್ರಕ್ರಿಯೆಯ ಮೇಜಿನ ಮೇಲಿದೆ.

ಶಸ್ತ್ರಕ್ರಿಯೆಯ ಹೊತ್ತಿನಲ್ಲಿ

ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಕೆಲಕಾಲ ಯಂತ್ರಕ್ಕೆ ವಹಿಸಿ ಹೃದಯದೊಳಗೆ ಕೈಯಾಡಿಸುವ ಸಾಹಸವನ್ನು ಅಮೆರಿಕದ ಜಾನ್ ಗಿಬ್ಬನ್ 1953ರಲ್ಲಿ ಸಾಧಿಸಿದನು. ಕಾಲಿನ ಅಭಿಧಮನಿಯನ್ನು ತೆಗೆದು ಹೃದಯದ ಕಟ್ಟಿದ ನಾಳಕ್ಕೆ ಬದಲು ದಾರಿ ಮಾಡುವ ಬೈಪಾಸ್ ವಿಧಾನವನ್ನು 1967ರಲ್ಲಿ ಕ್ಲೀವ್‌ಲೆಂಡಿನಲ್ಲಿ ಬಳಕೆಗೆ ತಂದವರು ಅರ್ಜೆಂಟೀನ ದೇಶದ ರೆನೆ ಫವಲೋರೋ. ನಮ್ಮ ದೇಶದಲ್ಲಿ 1975ರಲ್ಲಿ ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ. ಎಂ. ಚೆರಿಯನ್ ಮೊದಲ ಬೈಪಾಸ್ ನಡೆಯಿಸಿದರು. ಇಂದು ಇದು ದೊಡ್ಡ ನಗರಗಳಲ್ಲೆಲ್ಲ ದಿನನಿತ್ಯ ನಡೆಯುವ ಕೆಲಸ. ಬಹುಮಂದಿ ಸುಖವಾಗಿ ಚೇತರಿಸಿಕೊಳ್ಳುತ್ತಾರೆ. ಇದನ್ನು ಮೊದಲೇ ಹೇಳುವುದು ಯಾರೂ ಹೆದರಿ ಶಸ್ತ್ರಕ್ರಿಯೆಯನ್ನು ಮುಂದೂಡಬಾರದೆಂದು.

ಎದೆಯ ಮೂಳೆಯನ್ನು ಸೀಳಿ, ರಕ್ತವನ್ನು ಯಂತ್ರದ ಕೊಳವೆಗಳಲ್ಲಿ ಹರಿಯಿಸಿದಾಗ, ದೇಹವು ಅದನ್ನು ಒಂದು ದೊಡ್ಡ ಆಕ್ರಮಣವೆಂದೇ ತಿಳಿಯುತ್ತದೆ. ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಇಂಟರ್‌ಲೂಕಿನ್-6 ಏರುತ್ತದೆ. ಅದರ ಅಪ್ಪಣೆಯಂತೆ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬುದನ್ನು ತಯಾರಿಸುತ್ತದೆ. ಅದು ಎರಡು ಮೂರು ದಿನಗಳಲ್ಲಿ ಶಿಖರವನ್ನು ಮುಟ್ಟಿ ಇಳಿಯುತ್ತದೆ. ಆರೋಗ್ಯವಂತ ಮೈಯಲ್ಲಿ ಈ ಉರಿಯು ಎದ್ದು ತಾನಾಗಿಯೇ ಆರುವುದು. ಗಾಯ ಮಾಯಲು ಅದು ಬೇಕೇ ಬೇಕು. ದೋಷಕೂಟವುಳ್ಳವರ ಮೈಯಲ್ಲಾದರೋ ಕೆಂಡ ಮೊದಲೇ ಇರುತ್ತದೆ; ಶಸ್ತ್ರಕ್ರಿಯೆಯ ಗಾಳಿ ಬೀಸಿದಾಗ ಜ್ವಾಲೆ ಏಳುವುದು ಸುಲಭ, ಆರುವುದು ತಡ.

ಹೃದಯದ ಮೈಮೇಲೆಯೇ ಹಳದಿಯ ಕೊಬ್ಬಿನ ಒಂದು ಪದರವಿರುವುದನ್ನು ಶಸ್ತ್ರವೈದ್ಯರು ದಿನವೂ ನೋಡುತ್ತಾರೆ. ಈ ಕೊಬ್ಬಿಗೂ ಹೃದಯದ ಸ್ನಾಯುವಿಗೂ ನಡುವೆ ಗೋಡೆಯಿಲ್ಲ. ಇದು ಸುರಿಸಿದುದೆಲ್ಲ ನೇರವಾಗಿ ಸ್ನಾಯುವಿಗೂ ಹೃದಯದ ನಾಳಗಳಿಗೂ ಇಳಿಯಬಲ್ಲುದು. 2003ರಲ್ಲಿ ಬೈಪಾಸ್ ರೋಗಿಗಳಿಂದ ಈ ಕೊಬ್ಬಿನ ಚೂರನ್ನೂ ಕಾಲಿನ ಚರ್ಮದ ಕೆಳಗಿನ ಕೊಬ್ಬಿನ ಚೂರನ್ನೂ ತೆಗೆದು ಹೋಲಿಸಿದಾಗ, ಹೃದಯದ ಮೇಲಿನ ಕೊಬ್ಬಿನಲ್ಲಿ ಉರಿಯೂತದ ದ್ರವ್ಯಗಳು ಬಹಳ ಹೆಚ್ಚಾಗಿರುವುದು ಕಂಡುಬಂದಿತು.

ಶಸ್ತ್ರಕ್ರಿಯೆಯ ಬಳಿಕ ನೂರರಲ್ಲಿ 20ರಿಂದ 40 ಮಂದಿಗೆ ಹೃದಯದ ಮೇಲಣ ಕೋಣೆಗಳು ತಾಳ ತಪ್ಪಿ ಕಂಪಿಸುವುದುಂಟು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಇದು ಹೆಚ್ಚು. ನಮ್ಮ ಗುಮಾಸ್ತರಿಗೆ ಆದುದೂ ಇದೇ. ಹೃದಯದ ಸುತ್ತಣ ಕೊಬ್ಬು ದಪ್ಪಗಿದ್ದವರಲ್ಲಿಯೂ, ಕೊಬ್ಬಿನಲ್ಲಿ ಅಡಿಪೊನೆಕ್ಟಿನ್ ಕಡಿಮೆಯಿದ್ದವರಲ್ಲಿಯೂ ಈ ತೊಂದರೆ ಹೆಚ್ಚೆಂದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಬಹುಮಂದಿಯಲ್ಲಿ ಇದು ಔಷಧದಿಂದ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. "ಆಪರೇಷನ್ ಕೆಟ್ಟಿತು" ಎಂದು ಮನೆಯವರು ಗಾಬರಿಗೊಳ್ಳಬೇಕಾಗಿಲ್ಲ. ಆದರೆ ಮನೆಗೆ ಬಂದ ಮೇಲೆ ನಾಡಿ ತಾಳ ತಪ್ಪಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಅಲಕ್ಷಿಸಿದರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಏರುವ ಭಯವುಂಟು.

ಸಕ್ಕರೆಯ ಸಂಗತಿಯೂ ಹಾಗೆಯೇ. ಶಸ್ತ್ರಕ್ರಿಯೆಯ ಆಘಾತದಿಂದ ಯಾರಲ್ಲಿಯೂ ರಕ್ತದ ಸಕ್ಕರೆ ಏರುವುದು. ಇನ್ಸುಲಿನ್ನಿಗೆ ಮೊದಲೇ ಕಿವುಡಾದ ಮೈಯಲ್ಲಿ ಇನ್ನೂ ಏರುವುದು. ಸಕ್ಕರೆ ಹೆಚ್ಚಿದ ರಕ್ತದಲ್ಲಿ ಬಿಳಿಯ ಕಣಗಳು ಜಡವಾಗಿ ಗಾಯಕ್ಕೆ ಕೀವು ಹತ್ತುವುದು ಸುಲಭ. ಅಮೆರಿಕದ ಪೋರ್ಟ್‌ಲೆಂಡಿನ ವೈದ್ಯರು ಮಧುಮೇಹಿಗಳಿಗೆ ಶಸ್ತ್ರಕ್ರಿಯೆಯ ನಂತರ ಇನ್ಸುಲಿನ್ನನ್ನು ನಾಳದ ಮೂಲಕ ಎಡೆಬಿಡದೆ ಕೊಟ್ಟು ನೋಡಿದರು. ಎದೆಮೂಳೆಯ ಆಳದ ಸೋಂಕು ಸಾವಿರಕ್ಕೆ 20ರಿಂದ 8ಕ್ಕೆ ಇಳಿಯಿತೆಂದು 1999ರಲ್ಲಿ ವರದಿ ಮಾಡಿದರು. ಬಹಳ ಬಿಗಿಹಿಡಿದು ಸಕ್ಕರೆಯನ್ನು ತೀರ ಇಳಿಸಿದರೆ ಅಪಾಯವೆಂಬುದೂ ಮುಂದೆ ತಿಳಿಯಿತು. ಆದಕಾರಣ ಈಗ ಸಾಧಾರಣವಾಗಿ 180ರ ಕೆಳಗಿಡುವ ಮಧ್ಯಮಮಾರ್ಗವನ್ನು ಹಿಡಿದಿದ್ದಾರೆ.

ಕೊಬ್ಬಿನ ಇನ್ನೊಂದು ಮುಖ

ಇಷ್ಟು ಓದಿದ ವಾಚಕರು ಕೊಬ್ಬನ್ನು ಶತ್ರುವೆಂದೇ ತಿಳಿಯಬಾರದು. ಬೈಪಾಸಿಗಾಗಿ ಕಾಲಿನ ನಾಳವನ್ನು ತೆಗೆಯುವಾಗ ಅದರ ಸುತ್ತಲಿನ ಕೊಬ್ಬನ್ನು ಕೆರೆದು ಚೊಕ್ಕಟ ಮಾಡುವುದು ಹಿಂದಿನಿಂದ ಬಂದ ರೂಢಿ. ಸ್ವೀಡನ್ನಿನ ಓರೆಬ್ರೊ ನಗರದ ಡೊಮಿಂಗೋಸ್ ಸೋಜಾ ಎಂಬ ಶಸ್ತ್ರವೈದ್ಯರು 1990ರ ದಶಕದಲ್ಲಿ ಆ ಕೊಬ್ಬನ್ನು ಮುಟ್ಟದೆ ನಾಳವನ್ನು ಕೊಬ್ಬಿನೊಡನೆಯೇ ತೆಗೆಯಲು ತೊಡಗಿದರು. ಸರಾಸರಿ 16 ವರ್ಷಗಳ ಬಳಿಕ ನೋಡಿದಾಗ, ಕೊಬ್ಬು ಉಳಿಸಿದ ನಾಳಗಳಲ್ಲಿ ಸೇಕಡಾ 83 ತೆರೆದಿದ್ದವು. ಕೊಬ್ಬು ಕೆರೆದವುಗಳಲ್ಲಿ ಸೇಕಡಾ 64 ಮಾತ್ರ. ನಾಳದ ಸುತ್ತಣ ಕೊಬ್ಬು ಅದಕ್ಕೆ ಆಸರೆಯಾಗುವುದಲ್ಲದೆ, ನಾಳವನ್ನು ಸಡಿಲಗೊಳಿಸುವ ದ್ರವ್ಯಗಳನ್ನೂ ಊಡುತ್ತದೆ. ಈ ವಿಧಾನದಲ್ಲಿ ಕಾಲಿನ ಗಾಯ ಮಾಯುವುದು ಸ್ವಲ್ಪ ಕಷ್ಟವೆಂಬುದೂ ನಿಜ.

ಶಸ್ತ್ರಕ್ರಿಯೆಯ ನಂತರ ತೀರ ಕೃಶರಾದವರಿಗಿಂತ ಸ್ವಲ್ಪ ಮೈತುಂಬಿದವರೇ ಹೆಚ್ಚು ಬದುಕುಳಿಯುವುದನ್ನೂ ಅನೇಕ ಅಧ್ಯಯನಗಳಲ್ಲಿ ಕಂಡಿದ್ದಾರೆ. ಗಲ್ಲೆಯ ಮೇಲಿನ ನಮ್ಮ ಪರಿಚಿತರು ಏಳನೆಯ ದಿನಕ್ಕೆ ಎದ್ದು ಹೋದುದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರ ಕೊಬ್ಬಿನಲ್ಲಿ ಬಹುಪಾಲು ಚರ್ಮದ ಕೆಳಗೆ ಸಾಧುವಾಗಿ ಕುಳಿತಿದ್ದಿರಬಹುದು, ಮಾಂಸಖಂಡಗಳೂ ಗಟ್ಟಿಯಾಗಿದ್ದಿರಬಹುದು.

ನಗರಗಳ ಪರೀಕ್ಷಾಕೇಂದ್ರಗಳಲ್ಲಿ ಸಾವಿರಾರು ರೂಪಾಯಿಗಳ "ಪ್ಯಾಕೇಜು"ಗಳನ್ನು ಮಾರುವುದುಂಟು. ಲೆಪ್ಟಿನ್, ಅಡಿಪೊನೆಕ್ಟಿನ್ ಮೊದಲಾದುವುಗಳ ಪರೀಕ್ಷೆ ಇನ್ನೂ ಸಂಶೋಧಕರ ಕೈಯಲ್ಲಿರುವ ವಿಷಯ. ಶಸ್ತ್ರಕ್ರಿಯೆಗೆ ಮುಂಚೆ ಎಲ್ಲರಿಗೂ ಮಾಡಬೇಕಾದ ಪರೀಕ್ಷೆಯಲ್ಲ. ಹೃದಯ ದುರ್ಬಲವಾದವರಲ್ಲಿ ಅಡಿಪೊನೆಕ್ಟಿನ್ ಹೆಚ್ಚಿರುವುದೇ ಕೆಟ್ಟ ಲಕ್ಷಣವಾಗುವುದೂ ಉಂಟಾದುದರಿಂದ, ಅಂಕಿಯೊಂದನ್ನು ನೋಡಿ ಭವಿಷ್ಯ ಹೇಳುವಂತಿಲ್ಲ. ಸಂಬಳದ ಹಣವನ್ನು ಅದಕ್ಕೆ ಸುರಿಯಬೇಡಿರೆಂದು ನಮ್ಮ ಸಲಹೆ. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವ ಎಚ್.ಬಿ.ಎ1ಸಿ., ರಕ್ತದ ಕೊಬ್ಬು, ರಕ್ತದೊತ್ತಡ, ಇವುಗಳೊಡನೆ ದರ್ಜಿಯ ಒಂದು ಟೇಪು, ಇಷ್ಟು ಸಾಕು.

ಟೇಪಿನ ಪ್ರಸ್ತಾಪ ಬಂದುದರಿಂದ ಒಂದು ಮಾತು. ಹೋಟೇಲಿನ ಅಡುಗೆಯ ಬಂಧುಗಳು ಪಂಚೆಯುಡುವವರು. ಪಂಚೆಯು ಬಹಳ ಉದಾರಿ; ಹೊಟ್ಟೆ ಎಷ್ಟು ಬೆಳೆದರೂ ತಕರಾರಿಲ್ಲದೆ ಸುತ್ತಿಕೊಳ್ಳುತ್ತದೆ. ಕಚೇರಿಯ ಬಂಧುಗಳು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟಿ "ನನ್ನದು ಇಂದಿಗೂ ಮೂವತ್ತನಾಲ್ಕೇ" ಎನ್ನುತ್ತಾರೆ. ಅದು ಅಳತೆಯಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಟ್ಟನಡುವೆ, ಉಸಿರನ್ನು ಸಹಜವಾಗಿ ಬಿಟ್ಟು, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ ಅಳೆಯಬೇಕು. ಗಂಡಸರಿಗೆ 90 ಸೆಂಟಿಮೀಟರು, ಅಂದರೆ ಸುಮಾರು ಮೂವತ್ತೈದೂವರೆ ಅಂಗುಲ, ಗಡಿ.

ಏನು ಮಾಡಬೇಕು?

ಶಸ್ತ್ರಕ್ರಿಯೆಯ ದಿನ ಗೊತ್ತಾದವರು ಆ ಕೆಲವು ವಾರಗಳಲ್ಲಿ ಉಪವಾಸ ಬಿದ್ದು ತೂಕ ಇಳಿಸಹೋಗುವುದು ದೊಡ್ಡ ತಪ್ಪು. ಆಗ ಕರಗುವುದರಲ್ಲಿ ಮಾಂಸಖಂಡದ ಪಾಲೂ ಬಹಳ. ರಕ್ತದ ಪ್ರೋಟೀನು ಇಳಿದರೆ ಗಾಯ ಕೂಡದು. ಅನ್ನ, ಚಹ, ಕರಿದ ತಿಂಡಿಗಳ ಪಾಲನ್ನು ತಗ್ಗಿಸಿ ಬೇಳೆ, ಕಾಳು, ಮಜ್ಜಿಗೆ, ಸೊಪ್ಪು, ತಿನ್ನುವವರಾದರೆ ಮೀನು ಮೊಟ್ಟೆಗಳ ಪಾಲನ್ನು ಹೆಚ್ಚಿಸಬೇಕು. ಮೂತ್ರಪಿಂಡದ ತೊಂದರೆಯಿದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಮಾಡಬೇಕು. ಎಚ್.ಬಿ.ಎ1ಸಿ. ಸೇಕಡಾ 7ರ ಸಮೀಪಕ್ಕೆ ಬರುವಷ್ಟು ಅವಕಾಶವಿದ್ದರೆ ಒಳ್ಳೆಯದು. ಅವಸರದ ಶಸ್ತ್ರಕ್ರಿಯೆಯಾದರೆ ಅದಕ್ಕಾಗಿ ಕಾಯತಕ್ಕದ್ದಲ್ಲ. ಬೀಡಿ, ಸಿಗರೇಟು, ತಂಬಾಕುಗಳನ್ನು ಗೊತ್ತಾದ ದಿನವೇ ಬಿಡಬೇಕು. ಆಸ್ಪತ್ರೆಯಲ್ಲಿ ಕಲಿಸುವ ದೀರ್ಘ ಉಸಿರಾಟದ ಅಭ್ಯಾಸವನ್ನು ಮುಂಚೆಯೇ ರೂಢಿಸಿಕೊಳ್ಳಬೇಕು. ಹೊಟ್ಟೆ ದೊಡ್ಡದಾದವರ ಶ್ವಾಸಕೋಶದ ಕೆಳಭಾಗ ಮಲಗಿದಲ್ಲಿಯೇ ಮುದುಡಿಕೊಳ್ಳುವುದರಿಂದ ಇದು ಮುಖ್ಯ. ಜೋರಾಗಿ ಗೊರಕೆ ಹೊಡೆದು ನಿದ್ದೆಯಲ್ಲಿ ಉಸಿರು ನಿಲ್ಲುವಂತೆ ಕಾಣುವವರು ಅದನ್ನು ಅರಿವಳಿಕೆ ಕೊಡುವ ವೈದ್ಯರಿಗೆ ಹೇಳಬೇಕು.

ಶಸ್ತ್ರಕ್ರಿಯೆಯಾದ ಮೇಲೆ ಸೀಳಿದ ಎದೆಮೂಳೆ ಕೂಡಲು ಆರರಿಂದ ಹನ್ನೆರಡು ವಾರ ಬೇಕು. ಮೇಜಿನ ಕೆಲಸದ ಗುಮಾಸ್ತರು ಎರಡು ತಿಂಗಳ ಸುಮಾರಿಗೆ ವೈದ್ಯರ ಅನುಮತಿಯಿಂದ ಕಚೇರಿಗೆ ಮರಳಬಹುದು. ಹೋಟೇಲಿನ ಕೆಲಸಗಾರರ ಗತಿ ಬೇರೆ. ಸಾಂಬಾರಿನ ಹಂಡೆಯನ್ನು ಇಳಿಸುವುದು, ಹಿಟ್ಟಿನ ಪಾತ್ರೆಯನ್ನು ಎತ್ತುವುದು ಮೂರು ತಿಂಗಳ ಒಳಗೆ ಕೂಡದು. ನಾಳ ತೆಗೆದ ಕಾಲಿನಲ್ಲಿ ದಿನವಿಡೀ ನಿಂತರೆ ಬಾವು ಏರುವುದು. ಕುಳಿತಾಗ ಕಾಲನ್ನು ಎತ್ತರದಲ್ಲಿಡಬೇಕು. ಅದರಂತೆ, ಪೂರ್ತಿ ಮಲಗಿರುವುದೂ ತಪ್ಪು. ಮೊದಲ ವಾರದಿಂದಲೇ ವೈದ್ಯರು ಹೇಳಿದಷ್ಟು ನಡೆದು ದಿನದಿನಕ್ಕೆ ಹೆಚ್ಚಿಸಬೇಕು. ನಡಿಗೆಯಿಂದ ಮೊದಲು ಕರಗುವ ಕೊಬ್ಬುಗಳಲ್ಲಿ ಒಳಹೊಟ್ಟೆಯದೂ ಒಂದು. ದೇಹದ ತೂಕದಲ್ಲಿ ಸೇಕಡಾ ಐದರಷ್ಟು ನಿಧಾನವಾಗಿ ಇಳಿದರೂ ಸಕ್ಕರೆಯೂ ರಕ್ತದ ಕೊಬ್ಬೂ ತಗ್ಗುವುದು ಕಂಡಿದೆ.

ನಮ್ಮವರ ದಿನಚರಿಯೇ ಈ ರೋಗದ ತೊಟ್ಟಿಲಾಗಿರುವುದನ್ನು ಮರೆಯುವಂತಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಏಳುವ ಅಡುಗೆಯವನು ಗಿರಾಕಿಗಳಿಗೆಲ್ಲ ಬಡಿಸಿ ಮುಗಿಯುವಾಗ ಮಧ್ಯಾಹ್ನ ಮೂರು. ಅಲ್ಲಿಯ ತನಕ ಸಕ್ಕರೆ ತುಂಬಿದ ಚಹವೇ ಆಹಾರ. ರಾತ್ರಿಯ ಊಟ ಹನ್ನೊಂದರ ಮೇಲೆ, ಉಂಡ ಕೂಡಲೇ ನಿದ್ರೆ. ಗುಮಾಸ್ತನಾದರೋ ಲೋಕಲ್ ಗಾಡಿಯಲ್ಲಿ ಎರಡು ಗಂಟೆ ನಿಂತು, ಕಚೇರಿಯಲ್ಲಿ ಎಂಟು ಗಂಟೆ ಕುಳಿತು, ವಡಾಪಾವ್ ತಿಂದು ಮನೆಗೆ ಮರಳುತ್ತಾನೆ. ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರ ಮಕ್ಕಳು ನಾವು, ದುಡಿಮೆಗೆ ಅಂಜುವವರಲ್ಲ. ಆದರೆ ಹೊತ್ತಿಗೆ ಸರಿಯಾಗಿ ಉಣ್ಣುವುದನ್ನು ದುಡಿಮೆಯ ಭಾಗವೆಂದು ನಾವು ಎಂದೂ ಎಣಿಸಲಿಲ್ಲ.

ಈ ವಿಷಯದಲ್ಲಿ ಹೋಟೇಲು ಮಾಲಿಕರಿಗೆ ನಮ್ಮದೊಂದು ವಿಜ್ಞಾಪನೆಯುಂಟು. ಕೆಲಸಗಾರರಿಗೆ ಹೊತ್ತಿಗೆ ಊಟಕ್ಕೆ ಬಿಡುವು ಕೊಡಿರಿ. ಉಳಿದ ಕರಿದ ತಿಂಡಿಯನ್ನೇ ಅವರ ಊಟವಾಗಿಸಬೇಡಿರಿ. ಹೃದಯದ ಶಸ್ತ್ರಕ್ರಿಯೆಯಿಂದ ಮರಳಿದವನನ್ನು ಕೆಲವು ತಿಂಗಳು ಹಗುರವಾದ ಕೆಲಸದಲ್ಲಿರಿಸಿರಿ. ಇ.ಎಸ್.ಐ. ಸೌಲಭ್ಯಕ್ಕೆ ಅರ್ಹರಾದವರ ಹೆಸರನ್ನು ತಪ್ಪದೆ ದಾಖಲು ಮಾಡಿಸಿರಿ. ನಮ್ಮ ಸಂಘಸಂಸ್ಥೆಗಳೂ ವಾರ್ಷಿಕೋತ್ಸವದ ದಿನ ಯಕ್ಷಗಾನದ ಚಪ್ಪರದ ಒಂದು ಮೂಲೆಯಲ್ಲಿ ಟೇಪನ್ನೂ ರಕ್ತದೊತ್ತಡ ಸಕ್ಕರೆಗಳನ್ನು ಅಳೆಯುವ ಉಪಕರಣಗಳನ್ನೂ ಇಟ್ಟರೆ, ಅರ್ಧ ದಿನದಲ್ಲಿ ನೂರಾರು ಮಂದಿಗೆ ಎಚ್ಚರ ಹೇಳಬಹುದು.

ನಮ್ಮ ಗುಮಾಸ್ತ ಮಿತ್ರರು ಈಗ ಕಚೇರಿಗೆ ಹೋಗಿಬರುತ್ತಿದ್ದಾರೆ. ಒಂದು ನಿಲ್ದಾಣ ಮುಂಚೆಯೇ ಇಳಿದು ನಡೆಯುವುದು ಅವರ ರೂಢಿಯಾಗಿದೆ. ಮೊನ್ನೆ ಸಿಕ್ಕಾಗ ತೂಕ ಕೇಳಿದೆವು. "ತೂಕ ಅಷ್ಟೇ ಇದೆ, ಸೊಂಟ ಮಾತ್ರ ಎರಡು ಅಂಗುಲ ಇಳಿದಿದೆ" ಎಂದರು. ಅವರ ಮಗ, ಇಪ್ಪತ್ತಾರರ ತರುಣ, ಕೈಕಾಲು ತಂದೆಯಂತೆಯೇ ಸಣ್ಣವು, ಪಕ್ಕದಲ್ಲಿ ನಿಂತು ನಗುತ್ತಿದ್ದನು. ಅವನ ಸೊಂಟವನ್ನೂ ಅಳೆದು ನೋಡಿರೆಂದು ಹೇಳಿ ಬಂದೆವು.